ಹಿಡಿ ಅಕ್ಕಿಯ ಸಾಲಿನಲ್ಲಿ ನಿಂತದ್ದು

ನನ್ನ ಗಿರಣಿಯಲ್ಲಿ ಒಬ್ಬರ ಹಿಟ್ಟಿಗೆ ಇನ್ನೊಬ್ಬರ ಹಿಟ್ಟು ಬೆರೆತದ್ದಿಲ್ಲ. ಈ ಮಾತನ್ನು ಯಾರ ಎದುರು ಬೇಕಾದರೂ ಹೇಳುತ್ತೇನೆ. ಬೆರೆತದ್ದು ಒಬ್ಬ ಮುದುಕಿಯ ಹಿಟ್ಟಿಗೆ ಮಾತ್ರ. ಅದೂ ತಾನಾಗಿ ಬೆರೆತದ್ದಲ್ಲ, ನಾನು ಬೇಕೆಂದೇ ಬೆರೆಸಿದ್ದು. ಆ ಒಂದು ಕೆಲಸದಿಂದ ನನ್ನ ಮಾನ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ನಾನು ಕಾಸರಗೋಡಿನ ಕಡೆಯವನು. ಆರನೇ ಕ್ಲಾಸಿನಲ್ಲಿ ಶಾಲೆ ಬಿಟ್ಟೆ. ಬಿಡಬೇಡ ಎಂದು ಶಾಲೆಯವರೂ ಹೇಳಲಿಲ್ಲ. ಸೋದರಮಾವನ ಗಿರಣಿಯಲ್ಲಿ ಕೆಲಸ ಕಲಿತೆ. ಆಮೇಲೆ ಕೊಚ್ಚಿಯಲ್ಲಿ ಒಬ್ಬರ ಮೆಣಸಿನ ಪುಡಿಯ ಗಿರಣಿಯಲ್ಲಿ ಸೀನುತ್ತ ಸೀನುತ್ತ ಕೆಲವು ವರ್ಷ ಕಳೆದೆ. ತಿರುವನಂತಪುರದಲ್ಲಿ ಸರಕಾರಿ ಕೆಲಸದಲ್ಲಿದ್ದ ನನ್ನ ಹೆಂಡತಿಯ ಚಿಕ್ಕಪ್ಪ ಒಮ್ಮೆ ಕೊಚ್ಚಿಗೆ ಬಂದವರು, "ನಮ್ಮಲ್ಲಿ ತುಂಬಾ ಅನ್ನುವ ಊರಲ್ಲಿ ರಾಕೆಟ್ ಬಿಡುವ ಕಡೆ ಕರ್ನಾಟಕದವರು ಬೇಕಾದಷ್ಟು ಜನ ಉಂಟು ಮಾರಾಯ. ರಾಗಿ ಬೀಸಿ ಕೊಡುವವನು ಒಬ್ಬನಿಲ್ಲ. ಊರಿಂದ ಬರುವಾಗ ಹಿಟ್ಟಿನ ಗಂಟು ಹೊತ್ತುಕೊಂಡು ರೈಲು ಹತ್ತುವುದು ನೋಡಿದರೆ ಪಾಪ ಅನಿಸ್ತದೆ" ಎಂದರು. ಹಾಗೆ ರಾಗಿಯನ್ನು ನಂಬಿ ತಿರುವನಂತಪುರಕ್ಕೆ ಬಂದವನು ನಾನು. ಬಂದ ಮೇಲೆ ಗೊತ್ತಾಯಿತು, ಆ ಮನೆಗಳಲ್ಲಿ ಮುದ್ದೆ ತಿನ್ನುವುದು ಯಜಮಾನರು ಒಬ್ಬರೇ, ಮಕ್ಕಳಿಗೆಲ್ಲ ಪೊರೋಟ ಆಗಬೇಕು. ನನ್ನನ್ನು ಸಾಕಿದ್ದು ರಾಗಿಯಲ್ಲ, ಸುತ್ತಲಿನ ಮೀನುಗಾರರ ಮನೆಗಳಲ್ಲಿ ಹಬೆಯಲ್ಲಿ ಬೇಯಿಸುವ ಪುಟ್ಟಿನ ಅಕ್ಕಿಹಿಟ್ಟು.

ಗಿರಣಿಗೆ ಬರುವ ಹೆಂಗಸರು ಡಬ್ಬಿ ಕೆಳಗಿಡುವ ಮೊದಲೇ ಕೇಳುವ ಮಾತು ಒಂದೇ: "ನನಗಿಂತ ಮುಂಚೆ ಏನು ಬೀಸಿದ್ದು?" ಗೋಧಿಯ ಹಿಂದೆ ಅಕ್ಕಿ ಹಾಕಲು ಯಾರಿಗೂ ಮನಸ್ಸಿಲ್ಲ. ಉದ್ದಿನ ಹಿಂದೆಯಂತೂ ಕೇಳುವುದೇ ಬೇಡ. ನನ್ನಲ್ಲಿ ಮಾತ್ರ ಆ ಪ್ರಶ್ನೆ ಕ್ರಮೇಣ ನಿಂತುಹೋಯಿತು. ಮೆಣಸಿಗೆ ಬೇರೆಯೇ ಯಂತ್ರ ಇಟ್ಟಿದ್ದೆ. ಪ್ರತಿಯೊಬ್ಬರದ್ದು ಮುಗಿದ ಮೇಲೆ ಯಂತ್ರದ ಹೊಟ್ಟೆಗೆ ಕೈಹಾಕಿ ಬ್ರಶ್ಶಿನಿಂದ ಗುಡಿಸಿ, ಒಂದು ಚಿಟಿಕೆ ಉಳಿದರೂ ಅವರ ಡಬ್ಬಿಗೇ ತಟ್ಟಿ ಕೊಡುತ್ತಿದ್ದೆ. ಉಳಿದವರು ಗೋಡೆಯ ಮೇಲೆ ಸರ್ಟಿಫಿಕೇಟು ತೂಗುಹಾಕುತ್ತಾರೆ. ನನಗೆ ಆ ಪ್ರಶ್ನೆ ನಿಂತದ್ದೇ ಸರ್ಟಿಫಿಕೇಟು.

ಗಿರಣಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಕನ್ಯಾಸ್ತ್ರೀಯರು ನಡೆಸುವ ಸಣ್ಣ ಶಾಲೆ ಇತ್ತು. ಮರಳ ಮೇಲೆ ಒಂದು ಉದ್ದನೆಯ ಕಟ್ಟಡ, ಪಕ್ಕದಲ್ಲಿ ಇಗರ್ಜಿ, ಮಧ್ಯದಲ್ಲಿ ಬಾವಿ. ನನ್ನ ಮಗಳು ಅಲ್ಲಿಯೇ ಓದುತ್ತಿದ್ದಳು. ಮನೆಯಲ್ಲಿ ನಾವು ಕನ್ನಡದಲ್ಲಿ ಬೈದರೆ ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು. ಮುಖ್ಯೋಪಾಧ್ಯಾಯಿನಿಯಾಗಿದ್ದವರು ಒಬ್ಬ ಸಿಸ್ಟರ್, ಕುಳ್ಳಗಿನವರು, ನಡೆಯುವುದೆಂದರೆ ಓಡುವ ಹಾಗೆ. ಯಾರ ಹತ್ತಿರ ಯಾವ ಕೆಲಸ ಮಾಡಿಸಿಕೊಳ್ಳಬಹುದು ಎಂದು ದೂರದಿಂದಲೇ ಅಳೆಯುವ ಕಣ್ಣು ಅವರದ್ದು.

ಅಲ್ಲಿನ ಕ್ರೈಸ್ತರ ಮನೆಗಳಲ್ಲಿ ಪಿಡಿಯರಿ ಎಂಬ ಒಂದು ಪದ್ಧತಿ ಉಂಟು. ಅಂದರೆ ಹಿಡಿ ಅಕ್ಕಿ. ಅನ್ನಕ್ಕೆ ಇಡುವಾಗ ಮನೆಯಾಕೆ ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕುತ್ತಾಳೆ, ಇಲ್ಲದವರಿಗೆ ಅಂತ. ವಾರಕ್ಕೊಮ್ಮೆ ಅದು ಇಗರ್ಜಿಗೆ ಹೋಗುತ್ತದೆ. ಸಿಸ್ಟರ್ ಆ ವರ್ಷ ಜೂನಿನಲ್ಲಿ ಅದನ್ನು ಶಾಲೆಯಲ್ಲಿ ಶುರು ಮಾಡಿದರು. ಮಕ್ಕಳೆಲ್ಲ ಅಕ್ಕಿ ತರಬೇಕು, ಮಳೆಗಾಲದಲ್ಲಿ ಕಡಲಿಗಿಳಿಯಲಾಗದೆ ಒಲೆ ಆರಿದ ಮನೆಗಳಿಗೆ ಅದು ಹೋಗಬೇಕು. ನಮ್ಮ ಕಡೆಯ ಆಟಿ ತಿಂಗಳು ಅವರಿಗೆ ಕರ್ಕಿಡಕ, ಎರಡೂ ಕಡೆ ಹೊಟ್ಟೆಗೆ ಕಷ್ಟದ ತಿಂಗಳೇ. ಮಕ್ಕಳಿಗೆ ಹುರುಪು ಬಂತು. ಹಿಡಿ ಎಂದರೆ ಎರಡು ಹಿಡಿ ತಂದರು. ನನ್ನ ಮಗಳಂತೂ ಅಮ್ಮನಿಗೆ ಗೊತ್ತಿಲ್ಲದೆ ಸೋನಾಮಸೂರಿಯ ಚೀಲಕ್ಕೇ ಕೈಹಾಕಿದಳು.

ಅಕ್ಕಿ ಹಾಕಲು ಶಾಲೆಯಲ್ಲಿ ಇಟ್ಟಿದ್ದ ಡ್ರಮ್ಮು ತುಂಬಿತು. ತುಂಬಿದ ಮೇಲೆ ಅದರ ಕಥೆ ಕೆಟ್ಟಿತು. ಒಂದೇ ಡ್ರಮ್ಮಿನಲ್ಲಿ ಕೆಂಪು ಕುಚ್ಚಲಕ್ಕಿ, ಬಿಳಿ ಬೆಳ್ತಿಗೆ, ರೇಷನ್ ಅಕ್ಕಿ, ನನ್ನ ಮಗಳ ಸೋನಾಮಸೂರಿ. ಶಾಲೆಯಲ್ಲಿ ಗಂಜಿ ಬೇಯಿಸುವ ಹೆಂಗಸು ಒಂದು ಸಲ ಅದನ್ನು ಒಲೆಗೇರಿಸಿ, "ಅರ್ಧ ಅಂಟು, ಅರ್ಧ ಹರಳು. ಗೋಡೆ ಕಟ್ಟುವುದಾದರೆ ಆದೀತು" ಎಂದು ಸೌಟು ಕೆಳಗಿಟ್ಟಳು. ಆಗ ಸಿಸ್ಟರ್ ಓಡಿಕೊಂಡು ನನ್ನ ಗಿರಣಿಗೆ ಬಂದರು.

"ಅಣ್ಣಾ, ಇದಕ್ಕೆ ಏನು ಮಾಡುವುದು?"

ತಿರುವನಂತಪುರದಲ್ಲಿ ಎಲ್ಲರಿಗೂ ಅಣ್ಣಾ ಎನ್ನುತ್ತಾರೆ, ನಮ್ಮ ಹಾಗೆಯೇ. ಆ ಕರೆಗೆ ನಾನು ಯಾವತ್ತೂ ಕರಗಿಬಿಡುತ್ತೇನೆ.

"ನೆನೆಸಿ, ಬೀಸಿ, ಹುರಿದರೆ ಎಲ್ಲ ಅಕ್ಕಿಯೂ ಒಂದೇ ಸಿಸ್ಟರೇ. ಪುಟ್ಟಿನ ಹಿಟ್ಟು ಮಾಡಿಕೊಡ್ತೇನೆ. ಕೂಲಿಯ ಸುದ್ದಿ ಎತ್ತಬೇಡಿ."

ಹಿಟ್ಟು ಮಾಡಿಕೊಟ್ಟೆ. ತೆಳು ಗುಲಾಬಿ ಬಣ್ಣದ್ದು, ಒಳ್ಳೆ ಪರಿಮಳದ್ದು. ಪೊಟ್ಟಣ ಕಟ್ಟಿಯಾಯಿತು. ತಗೊಳ್ಳುವವರು ಮಾತ್ರ ಸಿಗಲಿಲ್ಲ.

ಪೋಷಕರ ಸಭೆ ಕರೆದು ಸಿಸ್ಟರ್ ಹೇಳಿದರು, "ಯಾರಿಗೆ ಬೇಕು? ನಾಚಿಕೆ ಬೇಡ, ಕೈ ಎತ್ತಿ." ತಲೆ ತುರಿಸಿಕೊಳ್ಳಲು ಕೈ ಎತ್ತಿದ್ದ ಒಬ್ಬಾಕೆ ಆ ಮಾತು ಕೇಳಿ ಅರ್ಧದಲ್ಲೇ ಇಳಿಸಿದಳು. ಮತ್ತೆ ಯಾರ ಕೈಯೂ ಏಳಲಿಲ್ಲ. ಅದನ್ನು ನೋಡಲಾರದೆ ನಾನೇ ಎದ್ದು ನಿಂತೆ. "ಸಿಸ್ಟರೇ, ನಮ್ಮ ಕುಟುಂಬದಲ್ಲಿ ಕೈ ನೀಡಿದವರಿಲ್ಲ, ನಾನೂ ನೀಡುವವನಲ್ಲ. ಆದರೆ ಬೇಕಾದವರು ತಗೊಳ್ಳುವುದರಲ್ಲಿ ತಪ್ಪೇನೂ ಇಲ್ಲ" ಎಂದೆ. ಒಳ್ಳೆಯ ಮಾತು ಆಡಿದೆ ಎಂದೇ ನನ್ನ ಎಣಿಕೆ. ಹಿಂದಿನ ಬೆಂಚಿನಿಂದ, "ಓ, ನಾವು ಮಾತ್ರ ನೀಡುವ ಕುಟುಂಬದವರಾ?" ಎಂದು ಯಾರೋ ಕೇಳಿದರು. ಸಭೆ ಅಲ್ಲಿಗೆ ಮುಗಿಯಿತು.

ಕಷ್ಟವಿದ್ದೀತು ಎಂದು ತೋರಿದ ಮಕ್ಕಳ ಚೀಲಕ್ಕೆ ಟೀಚರುಗಳು ಮೆಲ್ಲಗೆ ಪೊಟ್ಟಣ ಸೇರಿಸಿದರು. ಮರುದಿನ ಸೈಕಲ್ ರಿಪೇರಿ ಅಂಗಡಿಯವನು ಶಾಲೆಗೆ ಬಂದ. "ಸಿಸ್ಟರೇ, ನನ್ನ ಮಗಳ ಚೀಲಕ್ಕೆ ಯಾರದೋ ಹಿಟ್ಟು ಬಂದು ಸೇರಿದೆ. ಪಾಪ, ಯಾರೋ ಇಲ್ಲದವರದ್ದು. ಹುಡುಕಿ ಕೊಟ್ಟುಬಿಡಿ. ಹಾಗೇ ಈ ತೆಂಗಿನಕಾಯಿಯೂ ಇರಲಿ ಅವರಿಗೆ." ಹೋದ ಪೊಟ್ಟಣಗಳೆಲ್ಲ ಹಾಗೆಯೇ ತಿರುಗಿ ಬಂದವು, ಕೆಲವು ಜೊತೆಗೆ ಬೆಲ್ಲವನ್ನೋ ಒಣಮೀನನ್ನೋ ಕರೆದುಕೊಂಡು ಬಂದವು. ಕೊಡಲು ಹೋದಷ್ಟೂ ಸಿಸ್ಟರ್ ಅವರ ಕೋಣೆ ತುಂಬುತ್ತ ಬಂತು.

"ಇಡೀ ಊರಲ್ಲಿ ಬಡವರು ಯಾರೂ ಇಲ್ಲ ಅಣ್ಣಾ," ಎಂದರು ಸಿಸ್ಟರ್ ಗಿರಣಿಯ ಮೆಟ್ಟಿಲಲ್ಲಿ ಕುಳಿತು. "ಇದು ಸ್ವರ್ಗವೇ ಆಗಿರಬೇಕು. ನನಗೆ ತಿಳಿಯದೆ ಸತ್ತುಹೋಗಿದ್ದೇನೋ ಏನೋ." ಆಮೇಲೆ ನಗು ನಿಲ್ಲಿಸಿ, "ಉಳಿದವರು ಹೇಗಾದರೂ ಮಾಡಿಕೊಂಡಾರು. ಅಮ್ಮಚ್ಚಿಯದ್ದೇ ನನಗೆ ಚಿಂತೆ" ಎಂದರು.

ಅಮ್ಮಚ್ಚಿ ಎಂದರೆ ಅಜ್ಜಿ. ಈ ಅಮ್ಮಚ್ಚಿ ಇಗರ್ಜಿಯ ಹಿಂದಿನ ಓಣಿಯಲ್ಲಿ ಒಂದು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಮೊದಲು ಮೀನಿನ ಬುಟ್ಟಿ ಹೊತ್ತು ಬಸ್ಸು ಹತ್ತಿ ಉಳ್ಳೂರಿನ ಡಾಕ್ಟರುಗಳ ಮನೆಮನೆಗೆ ಹೋಗಿ ಮಾರುತ್ತಿದ್ದರು. ದೊಡ್ಡ ದೊಡ್ಡ ಡಾಕ್ಟರುಗಳ ಹೆಂಡತಿಯರಿಗೆ, "ಇದು ನಿನಗೆ ಬೇಡ, ನಿನಗೆ ಮೀನು ಕೊಯ್ಯಲು ಬರುವುದಿಲ್ಲ" ಎಂದು ಹೇಳುತ್ತಿದ್ದವರಂತೆ. ಮಂಡಿ ಕೈಕೊಟ್ಟ ಮೇಲೆ ಬುಟ್ಟಿ ಮೂಲೆ ಸೇರಿತು. ಹಿಂದಿನ ಭಾನುವಾರ ಪೂಜೆಯ ನಡುವೆ ಕುಸಿದು ಕುಳಿತಿದ್ದರು. ಸಂಜೆ ಅವರ ಮನೆಯಿಂದ ಹೊಗೆ ಏಳುವುದು ಕಡಿಮೆಯಾಗಿದೆ ಎಂದು ನೆರೆಯವರು ಹೇಳಿದ್ದರು. ಆದರೂ ನೆರೆಮನೆಯ ಹುಡುಗಿಯ ಕೈಯಲ್ಲಿ ಶಾಲೆಗೆ ಹಿಡಿ ಅಕ್ಕಿ ಕಳಿಸುವುದನ್ನು ಮಾತ್ರ ತಪ್ಪಿಸಿರಲಿಲ್ಲ.

"ನಾನು ಪೊಟ್ಟಣ ತಗೊಂಡು ಹೋದೆ," ಎಂದರು ಸಿಸ್ಟರ್. "'ಪಿಡಿಯರಿ ನಾನು ಹಾಕುವವಳು, ತಿನ್ನುವವಳಲ್ಲ' ಅಂದರು. ಹಾಲಿಲ್ಲದ ಕಟ್ಟಂಚಾಯ ಮಾಡಿ ಕುಡಿಸಿದರು. ಬರುವಾಗ ಪೊಟ್ಟಣವೂ ನನ್ನ ಕೈಯಲ್ಲೇ ಇತ್ತು. ಅವರು ಶನಿವಾರ ನಿಮ್ಮಲ್ಲಿಗೆ ಬರುತ್ತಾರಲ್ಲ? ನೀವು ಏನಾದರೂ..."

ಅಮ್ಮಚ್ಚಿ ಶನಿವಾರ ಶನಿವಾರ ಸಣ್ಣ ಡಬ್ಬಿಯಲ್ಲಿ ನೆನೆಸಿದ ಬೆಳ್ತಿಗೆ ಅಕ್ಕಿ ತರುತ್ತಿದ್ದರು. ವಾರವಾರ ಅದು ಡಬ್ಬಿಯ ತಳದ ಕಡೆಗೆ ಇಳಿಯುತ್ತಿದ್ದದ್ದನ್ನು ನಾನೂ ನೋಡಿದ್ದೆ. ನನಗೆ ಉಪಾಯ ಹೊಳೆಯಿತು. ಅವರ ಅಕ್ಕಿ ಬೀಸಿ ಹುರಿಯುವಾಗ ಶಾಲೆಯ ಹಿಟ್ಟನ್ನು ಅದಕ್ಕೇ ಸೇರಿಸಿಬಿಡುವುದು. ಡಬ್ಬಿ ತುಂಬುತ್ತದೆ, ಮುದುಕಿಗೆ ಗೊತ್ತಾಗುವುದಿಲ್ಲ.

ಹೆಂಡತಿಗೆ ಹೇಳಿದೆ. ಅವಳು ಮೀನು ತೊಳೆಯುತ್ತಿದ್ದವಳು ತಲೆ ಎತ್ತಿ, "ನಿಮಗೆ ಮೋಸ ಮಾಡ್ಲಿಕ್ಕೆ ಬರ್ತದಾ?" ಎಂದಳು.

"ಎಂತ ಮೋಸ? ಒಳ್ಳೇದಕ್ಕೆ ಮಾಡುವುದಲ್ವಾ?"

"ಒಳ್ಳೇದಕ್ಕೆ ಮಾಡುವ ಮೋಸ ಇನ್ನೂ ಕಷ್ಟ ಮಾರಾಯ್ರೆ. ಸಿಕ್ಕಿಬಿದ್ರೆ ಓಡ್ಲಿಕ್ಕೂ ಆಗುದಿಲ್ಲ."

ಮೊದಲ ಶನಿವಾರ ಸ್ವಲ್ಪವೇ ಸೇರಿಸಿದೆ. ಅಮ್ಮಚ್ಚಿ ಡಬ್ಬಿಯನ್ನು ಅಂಗೈ ಮೇಲಿಟ್ಟು ಒಂದು ಕ್ಷಣ ನಿಂತು, ನನ್ನ ಮುಖ ನೋಡಿ ಹೋದರು. ಗೆದ್ದೆ ಎಂದುಕೊಂಡೆ. ಜೀವಮಾನವಿಡೀ ತಕ್ಕಡಿಯಿಲ್ಲದೆ ಮೀನು ಮಾರಿದ ಕೈ ಅದು ಎಂಬುದು ನೆನಪಾಗಲಿಲ್ಲ. ಮುಂದಿನ ವಾರ ಧೈರ್ಯ ಹೆಚ್ಚಾಗಿ ಡಬ್ಬಿ ಕಂಠದವರೆಗೆ ತುಂಬಿಸಿದೆ. ಆ ದಿನ ಗಿರಣಿಯಲ್ಲಿ ಸಾಲು ಇತ್ತು. ರಾಗಿ ತಂದಿದ್ದ ಮೈಸೂರು ಕಡೆಯ ಮೇಡಂ ಒಬ್ಬರು ಕುರ್ಚಿಯಲ್ಲಿ ಕುಳಿತಿದ್ದರು.

ಅಮ್ಮಚ್ಚಿ ಮುಚ್ಚಳ ತೆಗೆದು, ಹಿಟ್ಟನ್ನು ಬೆಳಕಿಗೆ ಹಿಡಿದು ನೋಡಿದರು. ನನ್ನನ್ನು ಅವರು ಮೋನೇ, ಅಂದರೆ ಮಗನೇ, ಎಂದೇ ಕರೆಯುತ್ತಿದ್ದದ್ದು.

"ಎಡಾ ಮೋನೇ, ಇದು ಯಾರ ಹಿಟ್ಟು?"

"ನಿಮ್ಮದೇ ಅಮ್ಮಚ್ಚಿ."

"ನನ್ನ ಅಕ್ಕಿ ಬಿಳಿ. ಇದು ಕೆಂಪಾಗಿದೆಯಲ್ಲ. ನಿನ್ನ ಯಂತ್ರದೊಳಗೆ ಅದಕ್ಕೆ ಯಾರಾದರೂ ಮದುವೆ ಮಾತಾಡಿದರಾ?"

ಸಾಲಿನಲ್ಲಿದ್ದವರು ನಕ್ಕರು. ಕೆಂಪು ಕುಚ್ಚಲಕ್ಕಿ ಸೇರಿದ ಹಿಟ್ಟಿನ ಬಣ್ಣವನ್ನು ಹುರಿದು ಹುರಿದು ದಿನಾ ನೋಡುತ್ತಿದ್ದವನು ನಾನೇ. ಅದನ್ನು ಬಿಳಿ ಹಿಟ್ಟಿಗೆ ಹಾಕುವಾಗ ಆ ಯೋಚನೆಯೇ ಬಂದಿರಲಿಲ್ಲ.

"ಯಂತ್ರದಲ್ಲಿ ಮೊದಲಿನವರದ್ದು ಸ್ವಲ್ಪ ಉಳಿದಿರಬೇಕು," ಎಂದೆ.

ಆ ಮಾತು ಬಾಯಿಂದ ಬಿದ್ದದ್ದೇ ತಡ, ಮೈಸೂರಿನ ಮೇಡಂ ಎದ್ದು ನಿಂತರು. ನಾನು ಮಲಯಾಳದಲ್ಲಿ ಆಡಿದ್ದರೂ ಅಷ್ಟು ಅವರಿಗೆ ಅರ್ಥವಾಗಿತ್ತು. "ಏನ್ರೀ ಇದು? ಉಳಿದಿರುತ್ತೆ ಅಂತ ನೀವೇ ಹೇಳ್ತಿದೀರಲ್ಲ! ನಮ್ಮನೆಯವ್ರಿಗೆ ಶುಗರ್ ಇದೆ ಅಂತ ರಾಗಿ ತಿನ್ನಿಸ್ತಾ ಇದೀನಿ. ಅದಕ್ಕೆ ಅಕ್ಕಿ ಸೇರ್ತಿದ್ರೆ ಯಾರ್ರೀ ಜವಾಬ್ದಾರಿ?"

"ಇಲ್ಲ ಮೇಡಂ, ನಿಮ್ಮದಕ್ಕೆ ಸೇರುವುದಿಲ್ಲ."

"ಅವರದಕ್ಕೆ ಸೇರುತ್ತೆ, ನಮ್ಮದಕ್ಕೆ ಸೇರಲ್ಲ? ಯಂತ್ರಕ್ಕೆ ಮುಖ ನೋಡಿ ಗುರುತು ಹಿಡಿಯಕ್ಕೆ ಬರುತ್ತಾ?"

ಅಮ್ಮಚ್ಚಿಗೆ ಕನ್ನಡ ತಿಳಿಯದಿದ್ದರೂ ಮೇಡಮ್ಮಿನ ದನಿ ತಿಳಿಯಿತು. "ಅವರಿಗೂ ಹಾಕಿದ್ದಾನೆ ನೋಡಿ," ಎಂದು ಸಾಲಿಗೆ ಸಾರಿದರು. ನನ್ನ ಹತ್ತಿರ ನಿಜದ ಉತ್ತರ ಇತ್ತು. ಅದನ್ನು ಆಡಿದರೆ ಮುದುಕಿ ಆ ಡಬ್ಬಿಯನ್ನು ಅಲ್ಲೇ ಮಗುಚಿ ಹೋಗುತ್ತಿದ್ದರು, ಮತ್ತೆಂದೂ ಬರುತ್ತಲೂ ಇರಲಿಲ್ಲ. ಬ್ರಶ್ಶು ತಗೊಂಡು, ತಪ್ಪು ಯಂತ್ರದ್ದೇ ಎನ್ನುವ ಹಾಗೆ ಗುಡಿಸತೊಡಗಿದೆ. ಅಮ್ಮಚ್ಚಿ ತಮ್ಮ ಪಾಲು ಎಷ್ಟು ಎಂದು ಅಂದಾಜು ಮಾಡಿ ಅಷ್ಟನ್ನೇ ಕೈಯಿಂದ ಡಬ್ಬಿಯಲ್ಲಿ ಉಳಿಸಿಕೊಂಡು, ಮಿಕ್ಕಿದ್ದನ್ನು ನನ್ನ ಮೊರಕ್ಕೆ ಸುರಿದರು. "ಯಾರದ್ದೋ ಅವರಿಗೆ ಕೊಡು," ಎಂದು ಕುಂಟುತ್ತ ನಡೆದರು.

ಆ ವಾರದಿಂದ ಗಿರಣಿಗೆ ಬಂದವರೆಲ್ಲರ ಮೊದಲ ಮಾತು ಮತ್ತೆ ಅದೇ ಆಯಿತು: "ನನಗಿಂತ ಮುಂಚೆ ಏನು ಬೀಸಿದ್ದು?" ಅದೂ ಬಂದವರ ಮಾತು. ಬಾರದವರೇ ಹೆಚ್ಚು. ಮಗಳು ಶಾಲೆಯಿಂದ ಬಂದು ಚೀಲ ಬಿಸಾಡಿ, "ಅಪ್ಪಾ, ಕ್ಲಾಸಲ್ಲಿ ನನಗೆ ಮಿಕ್ಸ್ಚರ್ ಅಂತ ಹೆಸರಿಟ್ಟಿದ್ದಾರೆ" ಎಂದು ಮಲಯಾಳದಲ್ಲಿ ಅತ್ತಳು. ಎಂದೂ ಇಲ್ಲದೆ ಹೆಂಡತಿ ನನ್ನ ಹತ್ತಿರ ಮಾತು ಬಿಟ್ಟಳು.

ಕೆಲವು ದಿನ ಕಳೆದು ಸಿಸ್ಟರ್ ಬಂದರು. ಓಡಿಕೊಂಡು ಬರಲಿಲ್ಲ, ಮೆಲ್ಲಗೆ ಬಂದರು. ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದರು. ಹಿಟ್ಟಿನ ಧೂಳಿಗೆ ಎಂದುಕೊಂಡೆ, ನಗು ತಡೆಯಲಿಕ್ಕಂತೆ.

"ಅಮ್ಮಚ್ಚಿ ನನ್ನ ಹತ್ತಿರ ಬಂದಿದ್ದರು ಅಣ್ಣಾ. ಅವರು ವಾರವೆಲ್ಲ ಯೋಚನೆ ಮಾಡಿದ್ದಾರೆ. 'ಕಳ್ಳನಾದರೆ ಕಡಿಮೆ ಕೊಡಬೇಕಿತ್ತು, ಇವನು ಹೆಚ್ಚು ಕೊಟ್ಟ. ಹಾಗಾದರೆ ಕಳ್ಳನಲ್ಲ. ಹೊಟ್ಟೆಗೆ ಸರಿಯಾಗಿಲ್ಲದೆ ತಲೆ ಸುತ್ತಿ ಅವರದ್ದು ಇವರಿಗೆ, ಇವರದ್ದು ಅವರಿಗೆ ಹಾಕುತ್ತಿದ್ದಾನೆ. ಅನ್ಯಭಾಷೆಯವನು, ಹೆಣ್ಣುಮಗು ಇದೆ, ಪಾಪ. ನಾನು ಬಾಯಿ ಮಾಡಿ ಇದ್ದ ಗಿರಾಕಿಯನ್ನೂ ಓಡಿಸಿಬಿಟ್ಟೆ. ನಮ್ಮ ಪಿಡಿಯರಿಯಿಂದ ಅವನಿಗೆ ಕೊಡಿ' ಅಂದರು."

"ಯಾರಿಗೆ?"

"ನಿಮಗೆ."

"ನನಗಾ?" ಕೈಯಲ್ಲಿದ್ದ ಬ್ರಶ್ಶು ಕೆಳಗೆ ಬಿತ್ತು. "ಸಿಸ್ಟರೇ, ಆ ಹಿಟ್ಟು ಬೀಸಿದವನು ನಾನು!"

"ಇನ್ನೂ ಕೇಳಿ. 'ಅವನಿಗೆ ದುರಭಿಮಾನ, ಸಭೆಯಲ್ಲಿ ಏನು ಹೇಳಿದ ಅಂತ ಊರಿಗೇ ಗೊತ್ತು, ಒಬ್ಬನೇ ಬರುವುದಿಲ್ಲ. ಆಗಸ್ಟ್ ಹದಿನೈದಕ್ಕೆ ನೀವು ಶಾಲೆಯಲ್ಲಿ ಹಿಟ್ಟು ಕೊಡಬೇಕೆಂದಿದ್ದೀರಲ್ಲ, ಆಗ ನಾನೂ ಅವನ ಜೊತೆ ಸಾಲಿನಲ್ಲಿ ನಿಲ್ಲುತ್ತೇನೆ, ನನಗೂ ಬೇಕು ಅನ್ನುವ ಹಾಗೆ. ಆಗ ಅವನಿಗೆ ನಾಚಿಕೆ ಆಗುವುದಿಲ್ಲ' ಅಂದರು." ಸಿಸ್ಟರ್ ಕರವಸ್ತ್ರ ತೆಗೆದರು. "ನೀವು ನಿಂತರೆ ಅವರು ನಿಲ್ಲುತ್ತಾರೆ. ನಿಂತರೆ ಅವರ ಕೈಗೆ ಹಿಟ್ಟು ಬರುತ್ತದೆ."

"ಆಗುವುದಿಲ್ಲ," ಎಂದೆ. "ನನ್ನ ಜೀವ ಹೋದರೂ ಆಗುವುದಿಲ್ಲ."

ಸಿಸ್ಟರ್ ಒತ್ತಾಯ ಮಾಡಲಿಲ್ಲ. ಹೋಗುವಾಗ, "ಆ ದಿನದಿಂದ ಅವರು ಅಕ್ಕಿಯನ್ನೇ ನೆನೆಸಿಲ್ಲವಂತೆ" ಎಂದಷ್ಟೇ ಹೇಳಿದರು.

ಮರುದಿನ ಅಮ್ಮಚ್ಚಿಯೇ ಬಂದರು. ಕೈಯಲ್ಲಿ ಡಬ್ಬಿ ಇರಲಿಲ್ಲ. ಮೆಟ್ಟಿಲಲ್ಲಿ ಕುಳಿತು, ಖಾಲಿ ಗಿರಣಿಯನ್ನು ಸುತ್ತ ನೋಡಿ, "ಉಂಡೆಯಾ?" ಎಂದರು.

"ಉಂಡೆ ಅಮ್ಮಚ್ಚಿ."

"ಏನು ಉಂಡೆ?"

"ಅನ್ನ, ಮತ್ತಿ ಮೀನಿನ ಸಾರು."

"ಮತ್ತಿ ಎಲ್ಲಿಂದ ಬರಬೇಕು? ವಾರದಿಂದ ಯಾರೂ ಕಡಲಿಗೆ ಇಳಿದಿಲ್ಲ." ಮುದುಕಿ ನನ್ನನ್ನು ಕನಿಕರದಿಂದ ನೋಡಿದರು. ಅದು ವಿಳಿಂಜದ ಬಂದರಿನಿಂದ ಬಂದ ಐಸಿನ ಮೀನು. ಅಷ್ಟು ಹೇಳಿದರೂ ನಂಬುವ ಮುಖ ಅಲ್ಲ ಅದು. "ಸುಳ್ಳು ಹೇಳುವಾಗಲಾದರೂ ಸಾರಿಗೆ ತರಕಾರಿ ಹಾಕು, ನಂಬಬಹುದು."

ಹಾಗೆಂದು ಏಳಲು ಹೋದವರು ಎದ್ದ ಕೂಡಲೇ ಬಾಗಿಲಿನ ಕಂಬ ಹಿಡಿದುಕೊಂಡರು. ಕಣ್ಣು ಮುಚ್ಚಿಕೊಂಡಿದ್ದರು. ತುಟಿ ಬಿಳಿಚಿತ್ತು. ನಾನು ಹತ್ತಿರ ಹೋದರೆ ಕೈಯಲ್ಲೇ ದೂರ ತಳ್ಳಿ, "ಕಾಲು ಜೋಮು ಹಿಡಿಯಿತು. ನಿನ್ನ ಮೆಟ್ಟಿಲು ಸರಿಯಿಲ್ಲ" ಎಂದರು. ಸ್ವಲ್ಪ ಹೊತ್ತು ಹಾಗೆಯೇ ನಿಂತು, ಆಮೇಲೆ ಗೋಡೆ ಹಿಡಿದು ಹಿಡಿದು ಹೋದರು.

ಅವರು ಓಣಿ ತಿರುಗುವವರೆಗೆ ನೋಡಿದೆ. ಆಮೇಲೆ ಗಿರಣಿಯ ಬಾಗಿಲು ಹಾಕಿ ಶಾಲೆಗೆ ಹೋಗಿ ಸಿಸ್ಟರಿಗೆ ಹೇಳಿದೆ, "ಬರುತ್ತೇನೆ. ಆದರೆ ಸಾಲಿನಲ್ಲಿ ಕೊನೆಗೆ ನಿಲ್ಲುವುದು."

"ಮೊದಲಿಗೆ ನಿಲ್ಲಬೇಕಾಗುತ್ತದೆ ಅಣ್ಣಾ," ಎಂದರು ಅವರು. "ನಿಮ್ಮಿಬ್ಬರನ್ನು ಬಿಟ್ಟರೆ ಸಾಲಿನಲ್ಲಿ ಬೇರೆ ಯಾರೂ ಇಲ್ಲ."

ಆಗಸ್ಟ್ ಹದಿನೈದು ಅವರಿಗೆ ಎರಡು ಹಬ್ಬದ ದಿನ. ಸ್ವಾತಂತ್ರ್ಯ ದಿನವೂ ಹೌದು, ಮಾತೆ ಮರಿಯಮ್ಮ ಸ್ವರ್ಗಕ್ಕೆ ಹೋದ ಹಬ್ಬವೂ ಹೌದು. ಧ್ವಜಕ್ಕೂ ಮಾತೆಗೂ ಒಂದೇ ಹೂವಿನ ಬುಟ್ಟಿ. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಿಳಿ ಮುಂಡು ಉಟ್ಟು ಹೊರಟೆ. ಹೆಂಡತಿ ನೋಡಿ, "ದಾನ ತಗೊಳ್ಳಲಿಕ್ಕೆ ಹೋಗುವುದಾ, ಹೆಣ್ಣು ನೋಡಲಿಕ್ಕಾ?" ಎಂದಳು. ಅವಳ ಬಾಯಿ ತೆರೆದದ್ದೇ ನನಗೆ ಅರ್ಧ ಸಮಾಧಾನ.

ಧ್ವಜ ಏರಿತು, ಮಕ್ಕಳು ಹಾಡಿದರು, ಪಾಯಸ ಹಂಚಿದರು. ಆಮೇಲೆ ಸಿಸ್ಟರ್ ವರಾಂಡದಲ್ಲಿ ಮೇಜು ಹಾಕಿ ಪೊಟ್ಟಣಗಳನ್ನು ಜೋಡಿಸಿಟ್ಟು, ಬೇಕಾದವರು ಬರಬಹುದು ಎಂದರು. ಅಂಗಳದಲ್ಲಿ ಊರೇ ನಿಂತಿತ್ತು. ಎಲ್ಲರಿಗೂ ತಟ್ಟನೆ ಆಕಾಶ ನೋಡುವ ಕೆಲಸ ಬಂತು. ಅಮ್ಮಚ್ಚಿ ನನ್ನ ಮೊಣಕೈ ಹಿಡಿದು, "ನಡಿ ಮೋನೇ, ಹೆದರಬೇಡ" ಎಂದರು. ಆ ಅಂಗಳ ದಾಟುವಾಗ ಸಭೆಯಲ್ಲಿ ನಾನಾಡಿದ ಮಾತು ಒಂದೊಂದು ಮುಖದಲ್ಲೂ ಬರೆದಿಟ್ಟ ಹಾಗಿತ್ತು. ಮಗಳು ಕ್ಲಾಸಿನ ಸಾಲಿನಲ್ಲಿ ನಿಂತು ಪಾಯಸದ ಲೋಟದೊಳಗೆ ಮುಖ ಹುದುಗಿಸಿದ್ದಳು.

ಸೈಕಲ್ ಅಂಗಡಿಯವನಿಗೆ ತಡೆಯಲಾಗಲಿಲ್ಲ. "ಏನಣ್ಣಾ, ನಿಮ್ಮ ಕುಟುಂಬದವರು ಕೈ ನೀಡುವುದಿಲ್ಲ ಅಂತ ಕೇಳಿದ್ದೆ?"

ಅಮ್ಮಚ್ಚಿ ತಿರುಗಿ ನಿಂತರು. ಉಳ್ಳೂರಿನ ಬೀದಿಯ ಆ ಕೊನೆಗೆ ಕೇಳುತ್ತಿದ್ದ ದನಿ ಅದು, ಶಾಲೆಯ ಅಂಗಳ ಯಾವ ಲೆಕ್ಕ? "ಅವನನ್ನು ಏನು ಕೇಳುತ್ತೀಯ? ಬೇಕಾದದ್ದು ನನಗೆ! ಮುದುಕಿ ಒಬ್ಬಳೇ ನಿಲ್ಲಲು ನಾಚಿಕೆಪಡುತ್ತಾಳೆ ಅಂತ ಅವನು ಜೊತೆಗೆ ಬಂದಿದ್ದಾನೆ. ಅಷ್ಟು ಮರ್ಯಾದೆ ನಿನಗೆ ಇದೆಯಾ?"

ಸೈಕಲ್ ಅಂಗಡಿಯವನು ತಲೆ ತಗ್ಗಿಸಿದ. ಅಮ್ಮಚ್ಚಿ ನನ್ನ ಕಿವಿಯ ಹತ್ತಿರ ಬಗ್ಗಿ, "ನಿನಗೋಸ್ಕರ ಹಬ್ಬದ ದಿನ ಇಷ್ಟು ದೊಡ್ಡ ಸುಳ್ಳು ಹೇಳಿದೆ. ಭಾನುವಾರ ಪಾದ್ರಿ ಅಚ್ಚನ ಹತ್ತಿರ ಪಾಪನಿವೇದನೆ ಮಾಡಬೇಕು" ಎಂದು ಪಿಸುಗುಟ್ಟಿದರು. ಮೇಜಿನ ಆ ಬದಿಯಲ್ಲಿ ಸಿಸ್ಟರ್ ಬಗ್ಗಿ ಯಾವುದೋ ಪೊಟ್ಟಣವನ್ನು ಬಹಳ ಹೊತ್ತು ಹುಡುಕಿದರು.

ನಾನು ಕೈ ನೀಡಿದೆ. ನಾನೇ ಹುರಿದ ಹಿಟ್ಟು, ನನ್ನ ಕೈಗೇ ಬಂತು. ಅಮ್ಮಚ್ಚಿಯ ಕೈಗೂ ಬಂತು. ನಮ್ಮ ಹಿಂದೆ ಏನೋ ಸದ್ದಾಯಿತು. ತಿರುಗಿ ನೋಡಿದರೆ ಸಭೆಯಲ್ಲಿ ಕೈ ಅರ್ಧಕ್ಕೆ ಇಳಿಸಿದ್ದ ಹೆಂಗಸು ನಿಂತಿದ್ದಳು, "ನಾನೂ ಅಮ್ಮಚ್ಚಿಯ ಜೊತೆಗೆ ಅಂತ ಬಂದದ್ದು" ಎನ್ನುತ್ತ. ಅವಳ ಹಿಂದೆ ಅವಳ ಜೊತೆಗೆ ಅಂತ ಇನ್ನೊಬ್ಬಳು. ಎಲ್ಲರೂ ಯಾರದೋ ಜೊತೆಗೆ ಬಂದವರೇ.

ಗೇಟಿನ ಹತ್ತಿರ ನಾನು ಹೆದರಿದ್ದೇ ಆಯಿತು. ಅಮ್ಮಚ್ಚಿ ಸುತ್ತ ನೋಡಿ ತಮ್ಮ ಪೊಟ್ಟಣವನ್ನು ನನ್ನ ಕಂಕುಳಿಗೆ ತುರುಕಿದರು. "ತಗೋ, ಇದೂ ನಿನಗೇ. ನಾನು ನಿಂತದ್ದು ಯಾಕೆ ಮತ್ತೆ?"

ಅಷ್ಟೆಲ್ಲ ಮಾಡಿ ಇಲ್ಲಿ ಸೋಲುವುದೇ? "ಬೇಡ ಅಮ್ಮಚ್ಚಿ," ಎಂದೆ. "ಎರಡು ಪೊಟ್ಟಣ ಹಿಡಿದುಕೊಂಡು ಹೋದರೆ ಜನ ಏನು ಹೇಳುತ್ತಾರೆ? ಈಗಾಗಲೇ ಹಿಟ್ಟು ಬೆರೆಸುವವನು ಅಂತ ಹೆಸರು. ಇನ್ನು ಮುದುಕಿಯ ಪಾಲನ್ನೂ ಕಿತ್ತುಕೊಂಡ ಅಂತಾರೆ."

ಅಮ್ಮಚ್ಚಿ ಯೋಚನೆ ಮಾಡಿದರು. ಅವರ ಬಾಯಿಂದಲೇ ಹುಟ್ಟಿದ ಹೆಸರು ಅದು, ಇಲ್ಲ ಎನ್ನುವ ಹಾಗಿರಲಿಲ್ಲ. "ಅದೂ ಹೌದು," ಎಂದು ಪೊಟ್ಟಣವನ್ನು ವಾಪಸು ತಗೊಂಡು ಸೆರಗಿನಡಿ ಇಟ್ಟುಕೊಂಡರು. "ಸರಿ, ನಿನಗೋಸ್ಕರ ಇಟ್ಟುಕೊಳ್ಳುತ್ತೇನೆ."

ಆಮೇಲೆ ಎರಡು ವಾರಕ್ಕೊಮ್ಮೆ ಹಿಟ್ಟು ಕೊಡುವುದು ನಡೆಯಿತು. ಪ್ರತಿ ಸಲವೂ ಅಮ್ಮಚ್ಚಿ ಗಿರಣಿಯ ಬಾಗಿಲಿಗೆ ಬಂದು, "ಏಳು, ಹೊತ್ತಾಯಿತು" ಎಂದು ನನ್ನನ್ನು ಎಬ್ಬಿಸಿಕೊಂಡು ಹೋಗುತ್ತಿದ್ದರು. ನಾನು ಬಾರದಿದ್ದರೆ ಅವರೂ ಹೋಗುವವರಲ್ಲ. ನಮ್ಮ ಮನೆಯ ಪಾಲನ್ನು ನಾನು ಅಂದೇ ಸಂಜೆ ಶಾಲೆಗೇ ತಿರುಗಿ ಕೊಟ್ಟು ಬರುತ್ತಿದ್ದೆ, ಹಿತ್ತಲ ಬಾಗಿಲಿನಿಂದ. ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದರು. ಮೈಸೂರಿನ ಮೇಡಂ ಮಾತ್ರ ಯಂತ್ರವನ್ನು ತಮ್ಮ ಕಣ್ಣೆದುರು ಬಿಚ್ಚಿ ಗುಡಿಸಿದ ಮೇಲೆಯೇ ರಾಗಿ ಸುರಿಯುತ್ತಿದ್ದರು.

ಒಂದು ಸೋಮವಾರ ಸಾಲು ತುಂಬ ಜನ ಇದ್ದಾಗ ಅಮ್ಮಚ್ಚಿ ಮೆಟ್ಟಿಲು ಹತ್ತಿದರು. ಕಂಬ ಹಿಡಿಯದೆ ಹತ್ತಿದರು.

"ಎಡಾ, ಈ ಸಲದ ಹಿಟ್ಟನ್ನು ಕಣ್ಣು ಮುಚ್ಚಿ ಬೀಸಿದೆಯಾ? ಎಲ್ಲ ತರಿತರಿ. ಮೂರು ಪುಟ್ಟು ತಿನ್ನುವಷ್ಟರಲ್ಲಿ ದವಡೆ ನೋವು ಬಂತು."

ಜನರೆದುರು ನನ್ನ ಬೀಸುವಿಕೆಗೆ ಹಾಗೆ ಹೇಳಿದವರು ಅದುವರೆಗೆ ಯಾರೂ ಇರಲಿಲ್ಲ. ತಿರುಗಿ ಏನೋ ಹೇಳಲು ಬಾಯಿ ತೆರೆದವನು, "ಮೂರು ತಿಂದಿರಾ?" ಎಂದೆ.

"ಮತ್ತೆ? ಬಿಸಾಡುವುದಾ?"

ಸಾಲಿನಲ್ಲಿದ್ದವರಿಗೆ ನಾಳೆ ಬನ್ನಿ ಎಂದೆ. ಬೆಲ್ಟು ಕಳಚಿ, ಸವೆದಿದ್ದ ಮೇಲಿನ ಬೀಸುಕಲ್ಲನ್ನು ಎತ್ತಿ ಅಂಗಳಕ್ಕೆ ಉರುಳಿಸಿ, ಉಳಿ ಸುತ್ತಿಗೆ ತಗೊಂಡು ಅದಕ್ಕೆ ಹೊಸದಾಗಿ ಹಲ್ಲು ಕೊರೆಯಲು ಕುಳಿತೆ. ಅಮ್ಮಚ್ಚಿ ಮೆಟ್ಟಿಲಲ್ಲಿ ಕಾಲು ಚಾಚಿ ಕುಳಿತು, ಎಲ್ಲಿ ಸರಿಯಾಗಲಿಲ್ಲ ಎಂದು ಬೆರಳು ತೋರಿಸುತ್ತ ಹೋದರು.